ಗುರುತಿಲ್ಲದ ಫೋನಿಗೆ ಎಷ್ಟು ಮರ್ಯಾದೆ? ಮೊಬೈಲ್ ಬಳಸುವವರಿಗೆ ಹಂತ ಹಂತವಾಗಿ

ವಿಜಯಪುರದಲ್ಲಿ ನನ್ನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ. ಡಿಸ್‌ಪ್ಲೇ ಹಾಕುವುದು, ಚಾರ್ಜಿಂಗ್ ಪಿನ್ ಬದಲಿಸುವುದು, ಗ್ಲಾಸ್ ಅಂಟಿಸುವುದು ನನ್ನ ಕೆಲಸ. ಆದರೆ ದಿನಾ ಮೂರು ನಾಲ್ಕು ಜನ ಬೇರೆಯದೇ ಪ್ರಶ್ನೆ ಹಿಡಿದು ಬರುತ್ತಾರೆ. "ಅಣ್ಣಾ, ಫೋನ್ ಕಳಕೊಂಡೀನಿ, ಮೊದಲ ಎಲ್ಲಿ ಹೋಗ್ಲಿ?" "ಪೊಲೀಸ್ ಸಾಹೇಬ್ರಂತ, ಫೋನ್ ಮಾಡಿ ಬೈಲಿಕ್ಕತ್ಯಾರ್ರಿ." "ಅಕೌಂಟಿನ್ಯಾಗಿನ ರೊಕ್ಕ ಹೋಗ್ಯಾವ, ಹೆಂಗರೆ ಮಾಡಿ ತರಸ್ರಿ." ಎಲ್ಲರಿಗೂ ಅದೇ ಉತ್ತರ ಹೇಳಿ ಹೇಳಿ ಗಂಟಲು ಒಣಗಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನಾನು ಕಂಡಂತೆ ಮೋಸ ಹೋದವರು ದಡ್ಡರಲ್ಲ. ಬಹಳಷ್ಟು ಮಂದಿ ಮರ್ಯಾದಸ್ಥರು. ಎದುರಿನವರು ಮಾತಾಡುತ್ತಿರುವಾಗ ಫೋನ್ ಇಡುವುದು ತಪ್ಪು ಅಂತ ಕಲಿತು ಬೆಳೆದವರು. ಕಳ್ಳರಿಗೆ ಬೇಕಾಗಿರುವುದೂ ಅದೇ. ಆದರೆ ಇದೇ ನಾವು ಬಸ್ಸಿನಲ್ಲಿ ಪಕ್ಕದವರ ಕಿವಿಗೆ ರೀಲ್ಸ್ ಬಡಿಯುವಾಗ ಮರ್ಯಾದೆ ನೆನಪಾಗುವುದಿಲ್ಲ. ಗುರುತಿಲ್ಲದವನಿಗೆ ಜಾಸ್ತಿ, ಪಕ್ಕದಲ್ಲಿ ಕೂತವರಿಗೆ ಕಮ್ಮಿ. ಹಾಗಾಗಿ ಜೋಪಾನದ ಮಾತು, ನಡತೆಯ ಮಾತು ಎರಡನ್ನೂ ಒಂದೇ ಕಡೆ ಬರೆದಿದ್ದೇನೆ.

ಬೇಕಾಗುವುದು ಇಷ್ಟೇ: ಒಂದು ನೋಟ್‌ಬುಕ್ಕು, ಒಂದು ಪೆನ್ನು, ನಿಮ್ಮ ಫೋನು, ಅರ್ಧ ಗಂಟೆ. ಭಾನುವಾರ ಊಟ ಆದ ಮೇಲೆ ಕೂತರೆ ಆಯಿತು. ಮನೆಯ ಹಿರಿಯರ ಫೋನನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಹಂತ 1: ಫೋನ್ ಕೈಯಲ್ಲಿ ಇರುವಾಗಲೇ ಬರೆದಿಡಿ

ಡಯಲ್ ಮಾಡುವ ಜಾಗದಲ್ಲಿ *#06# ಒತ್ತಿ. 15 ಅಂಕಿಯ ನಂಬರ್ ಬರುತ್ತದೆ. ಅದೇ ಐಎಂಇಐ. ಗಾಡಿಗೆ ಚಾಸಿಸ್ ನಂಬರ್ ಇದ್ದ ಹಾಗೆ ಫೋನಿಗೆ ಇದು. ಎರಡು ಸಿಮ್ ಹಾಕುವ ಫೋನಾದರೆ ಎರಡು ನಂಬರ್ ಇರುತ್ತವೆ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಫೋನಿನಲ್ಲೇ ಫೋಟೋ ತೆಗೆದು ಇಟ್ಟುಕೊಳ್ಳುವವರು ಬಹಳ ಜನ. ಫೋನೇ ಹೋದ ಮೇಲೆ ಆ ಫೋಟೋ ಯಾರಿಗೆ ಬೇಕು, ಅಲ್ವಾ?

ಅದರ ಕೆಳಗೆ ಮನೆಯವರ ಎರಡು ನಂಬರ್, ನಿಮ್ಮ ಬ್ಯಾಂಕಿನ ಸಹಾಯವಾಣಿ ನಂಬರ್ ಬರೆಯಿರಿ. ಬ್ಯಾಂಕಿನ ನಂಬರನ್ನು ಪಾಸ್‌ಬುಕ್ಕಿನಿಂದ ಅಥವಾ ಎಟಿಎಂ ಕಾರ್ಡಿನ ಹಿಂಬದಿಯಿಂದ ನೋಡಿ ಬರೆಯಬೇಕು. ಗೂಗಲ್‌ನಲ್ಲಿ ಹುಡುಕಬೇಡಿ. ಬ್ಯಾಂಕಿನ ಹೆಸರಲ್ಲಿ ಕಳ್ಳರು ತಮ್ಮ ನಂಬರ್ ಹಾಕಿರುತ್ತಾರೆ.

ಈಗ ಲಾಕ್. ಸ್ಕ್ರೀನ್ ಲಾಕ್ ಇಲ್ಲದ ಫೋನು ನನ್ನ ಟೇಬಲ್ ಮೇಲೆ ಇವತ್ತಿಗೂ ಬರುತ್ತದೆ. ಬಾಗಿಲು ತೆರೆದಿಟ್ಟು ಊರಿಗೆ ಹೋದ ಹಾಗೆ. ನಾಲ್ಕಲ್ಲ, ಆರು ಅಂಕಿಯ ಪಿನ್ ಇಡಿ. ಹುಟ್ಟಿದ ವರ್ಷ, ಗಾಡಿ ನಂಬರ್ ಬೇಡ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಲಾಕ್ ಆಗಿರುವಾಗ ಮೆಸೇಜಿನ ಒಳಗಿನ ಮಾತು ಕಾಣದ ಹಾಗೆ ಮಾಡಿ. ಇಲ್ಲದಿದ್ದರೆ ಲಾಕ್ ತೆಗೆಯದೆಯೇ ಒಟಿಪಿ ಓದಬಹುದು. ಒಟಿಪಿ ಅಂದರೆ ಒಂದೇ ಸಲಕ್ಕೆ ಬಳಕೆಯಾಗುವ ಗುಟ್ಟಿನ ಅಂಕಿ.

ಇನ್ನೊಂದು ಬೀಗ ಇದೆ, ಹತ್ತರಲ್ಲಿ ಒಬ್ಬರೂ ಹಾಕುವುದಿಲ್ಲ: ಸಿಮ್ ಲಾಕ್. ಕಳ್ಳ ನಿಮ್ಮ ಸಿಮ್ ತೆಗೆದು ತನ್ನ ಫೋನಿಗೆ ಹಾಕಿಕೊಂಡರೆ ಒಟಿಪಿ ಎಲ್ಲ ಅವನಿಗೇ ಹೋಗುತ್ತವೆ. ಸಿಮ್‌ಗೂ ಪಿನ್ ಇಟ್ಟರೆ ಆ ದಾರಿ ಬಂದ್.

ಎಚ್ಚರ: ಸಿಮ್ ಲಾಕ್ ಹಾಕುವಾಗ ಮೊದಲು ಹಳೆಯ ಪಿನ್ ಕೇಳುತ್ತದೆ. ಅದನ್ನು ಕಂಪನಿಯವರೇ ಇಟ್ಟಿರುತ್ತಾರೆ. ಊಹೆ ಮಾಡಿ ಒತ್ತಬೇಡಿ. ಮೂರು ಸಲ ತಪ್ಪಿದರೆ ಸಿಮ್ ಬಂದಾಗಿ ಪಿಯುಕೆ ಅನ್ನುವ ಇನ್ನೊಂದು ನಂಬರ್ ಕೇಳುತ್ತದೆ. ಮೊದಲು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಿಕೊಳ್ಳಿ.

ಹಂತ 2: ಗುರುತಿಲ್ಲದ ಕರೆ ಬಂದರೆ

ಇದೇ ದೊಡ್ಡ ವಿಷಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮುದ್ದೇಬಿಹಾಳ ಕಡೆಯ ಹಿರಿಯರೊಬ್ಬರು ಒಮ್ಮೆ ಅಂಗಡಿಗೆ ಬಂದರು. ಫೋನ್ ಕಿವಿಯಲ್ಲೇ ಇತ್ತು. ಪಟಕಾ ಬೆವರಿನಲ್ಲಿ ನೆನೆದಿತ್ತು. ಬಾಯಿ ಬಿಡದೆ ಕೈಸನ್ನೆಯಲ್ಲೇ ಚಾರ್ಜರ್ ಕೇಳಿದರು. ಬ್ಯಾಟರಿ ನಾಲ್ಕು ಪರ್ಸೆಂಟ್ ಇತ್ತು. "ಇಡ್ರಿ ಕಾಕಾ, ಆಮ್ಯಾಲ ಮಾತಾಡ್ರಿ" ಅಂದೆ. ಫೋನಿಗೆ ಕೈ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು, "ದೊಡ್ಡ ಸಾಹೇಬ್ರದಾರಪಾ. ಕಟ್ ಮಾಡಿದ್ರ ಹೆಂಗ?" ನಾನು ಫೋನ್ ಇಸಿದುಕೊಂಡು ಕಟ್ ಮಾಡಿದೆ. ಅವರಿಗೆ ನನ್ನ ಮೇಲೆ ಸಿಟ್ಟು ಬಂತು. ಒಂದು ಲೋಟ ನೀರು ಕುಡಿದ ಮೇಲೆ ಕಥೆ ಹೊರಬಿತ್ತು. ಅವರ ಆಧಾರ್‌ನಲ್ಲಿ ಮುಂಬೈಯಲ್ಲಿ ಯಾರೋ ಸಿಮ್ ತೆಗೆದಿದ್ದಾರಂತೆ, ಕೇಸ್ ಆಗಿದೆಯಂತೆ, ಮನೆಯವರಿಗೂ ಹೇಳದೆ ಬ್ಯಾಂಕಿಗೆ ಹೋಗಬೇಕಂತೆ. ಮುಂಬೈ ಹೋಗಲಿ, ಸೊಲ್ಲಾಪುರವನ್ನೂ ದಾಟದ ಮನುಷ್ಯ.

ಇದಕ್ಕೆ ಡಿಜಿಟಲ್ ಅರೆಸ್ಟ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ದೇಶದ ಯಾವ ಕಾನೂನಿನಲ್ಲೂ ಇಂಥದ್ದು ಇಲ್ಲ. ಪೊಲೀಸರು, ಸಿಬಿಐ, ಜಾರಿ ನಿರ್ದೇಶನಾಲಯ (ಇ.ಡಿ.), ನ್ಯಾಯಾಧೀಶರು, ಯಾರೂ ವಿಡಿಯೋ ಕಾಲ್‌ನಲ್ಲಿ ಬಂಧಿಸುವುದಿಲ್ಲ, ಫೋನಿನಲ್ಲಿ ದುಡ್ಡು ಕೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದ್ದರು. ಆದರೂ ನಿಂತಿಲ್ಲ. ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲೇ 2025ರಲ್ಲಿ ಇಂಥ ಬೆದರಿಕೆಗೆ ಸಿಕ್ಕಿ ಹಿರಿಯ ದಂಪತಿ ಪ್ರಾಣ ಕಳೆದುಕೊಂಡರು.

ಬೇರೆ ಬೇರೆ ವೇಷದಲ್ಲಿ ಬರುತ್ತಾರೆ. "ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್" ಅಂತ ಹೆಸ್ಕಾಂ ಹೆಸರಲ್ಲಿ. "ಪಿಎಂ ಕಿಸಾನ್ ಕಂತು ನಿಂತಿದೆ, ಕೆವೈಸಿ ಮಾಡಿ" ಅಂತ ರೈತರಿಗೆ. "ಗೃಹಲಕ್ಷ್ಮಿ 2000 ಬಂದಿಲ್ಲವಾ?" ಅಂತ ಹೆಣ್ಣುಮಕ್ಕಳಿಗೆ. ಕೆವೈಸಿ ಅಂದರೆ ನೀವು ನೀವೇ ಅಂತ ತೋರಿಸುವ ದಾಖಲೆ ಪರಿಶೀಲನೆ. "ಮಗನಿಗೆ ಆಕ್ಸಿಡೆಂಟ್ ಆಗಿದೆ" ಅಂತಲೂ ಬರುತ್ತದೆ. ಈಗ ಮಗನ ದನಿಯನ್ನೇ ಕಂಪ್ಯೂಟರಿನಲ್ಲಿ ಹುಟ್ಟಿಸಿ, ಅವನು ಅಳುತ್ತಿರುವ ಹಾಗೆ ಕೇಳಿಸುತ್ತಾರೆ. ವೇಷ ಯಾವುದಾದರೂ ಇರಲಿ, ಒಳಗಿನ ಸರಕು ಮೂರೇ: ಹೆದರಿಕೆ ಅಥವಾ ಆಸೆ, ಅವಸರ, "ಯಾರಿಗೂ ಹೇಳಬೇಡಿ" ಅನ್ನುವ ಮಾತು. ಈ ಮೂರನೆಯದು ಕಿವಿಗೆ ಬಿದ್ದರೆ ಮುಂದೆ ಕೇಳುವುದೇ ಬೇಡ.

ಮಾಡಬೇಕಾದ್ದು:

1. ಕಟ್ ಮಾಡಿ. ಕಾರಣ ಹೇಳಬೇಕಿಲ್ಲ, ಕ್ಷಮೆ ಕೇಳಬೇಕಿಲ್ಲ. ಮೈಗೆ ಮುಳ್ಳು ಚುಚ್ಚಿದಂತಾದರೆ "ಒಲೆ ಮ್ಯಾಲ ಹಾಲ್ ಇಟ್ಟೀನ್ರಿ" ಅಂದು ಕಟ್ ಮಾಡಿ.
2. ಎದುರಿಗಿರುವ ಯಾರಿಗಾದರೂ ಹೇಳಿ. ಹೆಂಡತಿ, ಮಗ, ಪಕ್ಕದ ಕಿರಾಣಿ ಅಂಗಡಿಯವರು, ಯಾರಾದರೂ ಸರಿ. ಬಾಯಿಬಿಟ್ಟು ಹೇಳಿದ ಕೂಡಲೇ ಅರ್ಧ ಹೆದರಿಕೆ ಇಳಿಯುತ್ತದೆ.
3. ನಿಜ ಇರಬಹುದು ಅನ್ನಿಸಿದರೆ, ನಿಮ್ಮ ನೋಟ್‌ಬುಕ್ಕಿನಲ್ಲಿರುವ ನಂಬರಿಗೆ ನೀವೇ ಫೋನ್ ಮಾಡಿ. ಬಂದ ನಂಬರಿಗೆ ತಿರುಗಿ ಮಾಡಬೇಡಿ. ಮಗನ ವಿಷಯವಾದರೆ ಮಗನಿಗೇ ಮಾಡಿ.
4. ದುಡ್ಡು ಹೋಗದಿದ್ದರೂ ಸಂಚಾರ್ ಸಾಥಿ ಆ್ಯಪಿನಲ್ಲಿ 'ಚಕ್ಷು' ಅನ್ನುವ ಕಡೆ ಆ ನಂಬರ್ ದೂರಿ. ಇದು ಕೇಂದ್ರ ದೂರಸಂಪರ್ಕ ಇಲಾಖೆಯ ಆ್ಯಪ್. ಎರಡು ನಿಮಿಷದ ಕೆಲಸ.

ಬ್ಯಾಂಕಿನಿಂದ ಅಂತ ಬಂದ ಕರೆಯ ನಂಬರ್ ನೋಡುವುದನ್ನೂ ರೂಢಿ ಮಾಡಿಕೊಳ್ಳಿ. ಬ್ಯಾಂಕು, ವಿಮೆ ಕಂಪನಿಗಳ ಸೇವಾ ಕರೆಗಳಿಗೆ ಅಂತ 1600ರಿಂದ ಶುರುವಾಗುವ ನಂಬರ್ ಕೊಟ್ಟಿದ್ದಾರೆ. ಜಾಹೀರಾತಿನವು 140ರಿಂದ ಶುರುವಾಗುತ್ತವೆ. ಮಾಮೂಲಿ ಹತ್ತಂಕಿ ನಂಬರಿನಿಂದ "ಬ್ಯಾಂಕ್ ಮ್ಯಾನೇಜರ್" ಅಂದರೆ ಅನುಮಾನ ಇರಲಿ. ಸುಮ್ನೆ ಕಿರಿಕಿರಿ ಮಾಡುವ ಜಾಹೀರಾತು ಕರೆ ನಿಲ್ಲಿಸಲು 1909ಕ್ಕೆ ಫೋನ್ ಮಾಡಬಹುದು.

ಎಚ್ಚರ: "ಕೊರಿಯರ್ ಬಂದಿದೆ, ಸ್ಟಾರ್ 401 ಸ್ಟಾರ್ ಒತ್ತಿ ಈ ನಂಬರ್ ಹಾಕಿ" ಅಂತ ಯಾರಾದರೂ ಹೇಳಿದರೆ ಒತ್ತಬೇಡಿ. ಸ್ಟಾರ್‌ನಿಂದ ಶುರುವಾಗುವ ಇಂಥ ನಂಬರ್‌ಗಳು ನಿಮ್ಮ ಕರೆಗಳನ್ನು ಇನ್ನೊಬ್ಬರ ಫೋನಿಗೆ ತಿರುಗಿಸಿಬಿಡುತ್ತವೆ. ಆಮೇಲೆ ಫೋನಿನಲ್ಲಿ ಹೇಳುವ ಒಟಿಪಿಯೂ ಅವರಿಗೇ ಕೇಳುತ್ತದೆ.

ಹಂತ 3: ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಿಲ್ಲ

ಯುಪಿಐ, ಅಂದರೆ ಫೋನ್‌ಪೇ, ಗೂಗಲ್ ಪೇ ಇವುಗಳ ಹಿಂದಿರುವ ವ್ಯವಸ್ಥೆ, 2016ರಲ್ಲಿ ಬಂತು. ಇಷ್ಟು ವರ್ಷ ಆದರೂ ಒಂದು ವಿಷಯ ಕೆಲವರ ತಲೆಯಲ್ಲಿ ಕೂತಿಲ್ಲ. ದುಡ್ಡು ತೆಗೆದುಕೊಳ್ಳುವುದಕ್ಕೆ ಪಿನ್ ಬೇಡ, ಕ್ಯೂಆರ್ ಸ್ಕ್ಯಾನ್ ಬೇಡ. ಹಳೇ ಬೈಕು, ಎಮ್ಮೆ, ಸೋಫಾ ಮಾರಲು ಫೋಟೋ ಹಾಕಿದವರಿಗೆ "ಅಡ್ವಾನ್ಸ್ ಕಳಿಸುತ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂತ ಫೋನ್ ಬರುತ್ತದೆ. ಹಾಕಿದರೆ ನಿಮ್ಮದೇ ದುಡ್ಡು ಹೋಗುತ್ತದೆ.

"ತಪ್ಪಿ ನಿಮ್ಮ ನಂಬರಿಗೆ 5000 ಹೋಗಿದೆ, ವಾಪಸ್ ಹಾಕಿ" ಅಂದರೆ ಮೊದಲು ಬ್ಯಾಂಕಿನ ಬ್ಯಾಲೆನ್ಸ್ ನೋಡಿ. ಮೆಸೇಜನ್ನು ನಂಬಬೇಡಿ, ಅಂಥ ಮೆಸೇಜನ್ನು ಯಾರು ಬೇಕಾದರೂ ಟೈಪ್ ಮಾಡಿ ಕಳಿಸಬಹುದು. ದುಡ್ಡು ನಿಜವಾಗಿ ಬಂದಿದ್ದರೂ ನೀವೇ ತಿರುಗಿ ಹಾಕಬೇಡಿ. ಬ್ಯಾಂಕಿನಲ್ಲಿ ದೂರು ಕೊಟ್ಟು ವಾಪಸ್ ಪಡೆಯಲು ಹೇಳಿ. ಕದ್ದ ದುಡ್ಡನ್ನು ನಿಮ್ಮ ಅಕೌಂಟಿನ ಮೂಲಕ ದಾಟಿಸುತ್ತಿರಬಹುದು. ಆಗ ನಿಮ್ಮ ಅಕೌಂಟೇ ಬಂದ್ ಆಗುತ್ತದೆ.

ಅಂಗಡಿಯವರಿಗೆ ಒಂದು ಮಾತು. ಗಿರಾಕಿ ತೋರಿಸುವ ಹಸಿರು ಟಿಕ್ ನೋಡಿ ಸಾಮಾನು ಕೊಡಬೇಡಿ. ಆ ಟಿಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿಮ್ಮ ಸೌಂಡ್‌ಬಾಕ್ಸ್ ಕೂಗಬೇಕು, ಇಲ್ಲವೇ ನಿಮ್ಮ ಫೋನಿನಲ್ಲಿ ಜಮಾ ಆಗಿದ್ದು ಕಾಣಬೇಕು. ಸಂತೆ ದಿನ, ಜಾತ್ರೆ ದಿನ ಗದ್ದಲದಲ್ಲಿ ಇದು ಜಾಸ್ತಿ.

ಹಂತ 4: ಮದುವೆ ಕಾರ್ಡು ಫೈಲಾಗಿ ಬಂದರೆ

ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಬರುವುದು ಈಗ ಮಾಮೂಲಿ. ಫೋಟೋ ಆಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಆದರೆ ಫೈಲಿನ ಹೆಸರಿನ ಕೊನೆಯಲ್ಲಿ 'ಎಪಿಕೆ' ಅಂತ ಮೂರು ಇಂಗ್ಲಿಷ್ ಅಕ್ಷರ ಇದ್ದರೆ ಅದು ಕಾರ್ಡಲ್ಲ. ಎಪಿಕೆ ಅಂದರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಕೂರಿಸುವ ಫೈಲು. ಒತ್ತಿ 'ಇನ್‌ಸ್ಟಾಲ್' ಅಂದರೆ ನಿಮ್ಮ ಮೆಸೇಜುಗಳನ್ನು ಓದುವ ಆ್ಯಪ್ ಒಳಗೆ ಕೂರುತ್ತದೆ. ಟ್ರಾಫಿಕ್ ಚಲನ್, ಬ್ಯಾಂಕ್ ಕೆವೈಸಿ, ಪಿಎಂ ಕಿಸಾನ್ ಹೆಸರಲ್ಲೂ ಇದೇ ಬರುತ್ತದೆ. ಗುರುತಿನವರ ನಂಬರಿನಿಂದಲೇ ಬರಬಹುದು, ಯಾಕೆಂದರೆ ಅವರ ಫೋನಿನಲ್ಲಿ ಈಗಾಗಲೇ ಆ ಆ್ಯಪ್ ಕೂತಿರುತ್ತದೆ.

ಆ್ಯಪ್ ಬೇಕಾದರೆ ಪ್ಲೇ ಸ್ಟೋರ್‌ನಿಂದ ಮಾತ್ರ ಹಾಕಿಕೊಳ್ಳಿ. ಅಲ್ಲೂ ಕೆಟ್ಟವು ಇಲ್ಲ ಅಂತಲ್ಲ, ಕಮ್ಮಿ. "ನಿಮ್ಮ ಫೋನ್ ನಾನೇ ಸರಿ ಮಾಡುತ್ತೇನೆ, ಸ್ಕ್ರೀನ್ ತೋರಿಸುವ ಆ್ಯಪ್ ಹಾಕಿಕೊಳ್ಳಿ" ಅನ್ನುವವರಿಗೂ ಇದೇ ಉತ್ತರ: ಕಟ್.

ಈಗಾಗಲೇ ಒತ್ತಿಬಿಟ್ಟಿದ್ದರೆ: ಮೊದಲು ಏರೋಪ್ಲೇನ್ ಮೋಡ್ ಹಾಕಿ. ಇಂಟರ್‌ನೆಟ್ ಹೋದರೆ ಆ್ಯಪಿನ ಕೈ ಕಟ್ಟಿದಂತೆ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಫೋನ್ ಮಾಡಿ ಅಕೌಂಟ್ ತಡೆಹಿಡಿಯಲು ಹೇಳಿ. ಆಮೇಲೆ ಫೋಟೋಗಳನ್ನು ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ. ಆ ಆ್ಯಪ್ ಅನ್ನು ಡಿಲೀಟ್ ಮಾಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಕಾಗುವುದಿಲ್ಲ. ಕೆಲವು ಆ್ಯಪ್‌ಗಳು ಚಿಹ್ನೆಯನ್ನೇ ಅಡಗಿಸಿಕೊಂಡು ಒಳಗೆ ಇರುತ್ತವೆ.

ಹಂತ 5: ದುಡ್ಡು ಹೋಗಿಯೇ ಬಿಟ್ಟರೆ

ಅಳುವುದು, ಬೈಯುವುದು ಆಮೇಲೆ. ಮೊದಲು 1930. ಇದು ಸೈಬರ್ ಹಣಕಾಸು ಮೋಸಕ್ಕೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ. ಹೋದ ದುಡ್ಡು ಒಂದು ಅಕೌಂಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರುತ್ತಾ ಹೋಗುತ್ತದೆ. ಎಟಿಎಂನಿಂದ ಹೊರಬರುವ ಮೊದಲು ಎಲ್ಲಾದರೂ ತಡೆದರೆ ಸಿಗುವ ಆಸೆ ಇದೆ. ಹಾಗಾಗಿ ಮೊದಲ ಒಂದು ಗಂಟೆ ಬಹಳ ಮುಖ್ಯ. ಲೈನ್ ಬಿಜಿ ಬಂದರೆ ಬಿಡಬೇಡಿ, ಮತ್ತೆ ಮತ್ತೆ ಮಾಡಿ. ಪಕ್ಕದಲ್ಲಿರುವವರು ಇನ್ನೊಂದು ಫೋನಿನಿಂದ ಬ್ಯಾಂಕಿಗೆ ಮಾಡಲಿ.

ಕೈಯಲ್ಲಿ ಇಟ್ಟುಕೊಳ್ಳಬೇಕಾದ್ದು: ಎಷ್ಟು ಹೋಯಿತು, ಎಷ್ಟು ಹೊತ್ತಿಗೆ ಹೋಯಿತು, ಯುಟಿಆರ್ ನಂಬರ್. ಯುಟಿಆರ್ ಅಂದರೆ ಪ್ರತಿ ವ್ಯವಹಾರಕ್ಕೂ ಇರುವ ಗುರುತಿನ ಸಂಖ್ಯೆ, ಯುಪಿಐ ಆ್ಯಪಿನ ಹಿಸ್ಟರಿಯಲ್ಲಿ ಇರುತ್ತದೆ. 1930ರವರು ಕೊಡುವ ದೂರು ನಂಬರ್ ಬರೆದುಕೊಳ್ಳಿ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಜಾಲತಾಣದಲ್ಲಿ ಪೂರ್ತಿ ದೂರು ಹಾಕಿ, ಅಥವಾ ಜಿಲ್ಲೆಯ ಸಿಇಎನ್ ಠಾಣೆಗೆ ಹೋಗಿ. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳನ್ನು ನೋಡಿಕೊಳ್ಳುವ ಠಾಣೆ ಅದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಇದೆ.

ಬ್ಯಾಂಕಿಗೆ ಬೇಗ ತಿಳಿಸುವುದಕ್ಕೆ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ನಿಮ್ಮ ತಪ್ಪೂ ಇಲ್ಲದೆ ಬ್ಯಾಂಕಿನ ತಪ್ಪೂ ಇಲ್ಲದೆ ಹೊರಗಿನವರಿಂದ ದುಡ್ಡು ಹೋದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸುವಂತಿಲ್ಲ. ಒಟಿಪಿ, ಪಿನ್ ನೀವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದರೆ ಬ್ಯಾಂಕಿನದು. ನಾಚಿಕೆಯಿಂದ ಎರಡು ದಿನ ಸುಮ್ಮನೆ ಕೂತವರನ್ನು ನೋಡಿದ್ದೇನೆ. ಆ ಎರಡು ದಿನದಲ್ಲಿ ಉಳಿದದ್ದೂ ಹೋಯಿತು.

ಎಚ್ಚರ: ಚಾಟು, ನಂಬರು, ಮೆಸೇಜು ಯಾವುದನ್ನೂ ಅಳಿಸಬೇಡಿ. ಅವೇ ಸಾಕ್ಷಿ. ಇನ್ನೊಂದು, "ಹೋದ ದುಡ್ಡು ವಾಪಸ್ ಕೊಡಿಸುತ್ತೇವೆ, ಫೀಸ್ ಕಟ್ಟಿ" ಅಂತ ಸ್ವಲ್ಪ ದಿನದಲ್ಲೇ ಫೋನ್ ಬರುತ್ತದೆ. ಅವರೂ ಅದೇ ಗ್ಯಾಂಗು.

ಹಂತ 6: ಫೋನೇ ಕಳೆದರೆ

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ, ಬಾದಾಮಿಯಲ್ಲಿ ಬನಶಂಕರಿ, ಸವದತ್ತಿಯಲ್ಲಿ ಭಾರತ ಹುಣ್ಣಿಮೆ. ಜಾತ್ರೆ ಮುಗಿದ ಮರುದಿನ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತದೆ. ಜನಜಂಗುಳಿಯಲ್ಲಿ ಅಂಗಿಯ ಮೇಲಿನ ಜೇಬು, ಪ್ಯಾಂಟಿನ ಹಿಂದಿನ ಜೇಬು ಫೋನಿಗೆ ಜಾಗವಲ್ಲ. ಕಳೆದ ಮೇಲೆ ಈ ಕ್ರಮದಲ್ಲಿ ಹೋಗಿ:

1. ಬೇರೆ ಫೋನಿನಿಂದ ಒಮ್ಮೆ ರಿಂಗ್ ಮಾಡಿ. ಒಳ್ಳೆಯವರ ಕೈಗೂ ಸಿಕ್ಕಿರಬಹುದು.
2. ನಿಮ್ಮ ಗೂಗಲ್ ಅಕೌಂಟಿನಿಂದ ಫೋನ್ ಎಲ್ಲಿದೆ ನೋಡಿ, ಅಲ್ಲಿಂದಲೇ ಲಾಕ್ ಮಾಡಿ. ನಕ್ಷೆಯಲ್ಲಿ ಜಾಗ ಕಂಡಿತು ಅಂತ ಒಬ್ಬರೇ ಹೋಗಿ ಬಾಗಿಲು ಬಡಿಯಬೇಡಿ. ಪೊಲೀಸರಿಗೆ ತೋರಿಸಿ.
3. ಕಸ್ಟಮರ್ ಕೇರ್‌ಗೆ ಹೇಳಿ ಸಿಮ್ ಬಂದ್ ಮಾಡಿಸಿ. ಬ್ಯಾಂಕಿಗೆ ಹೇಳಿ ಯುಪಿಐ ನಿಲ್ಲಿಸಿ.
4. ಪೊಲೀಸ್ ದೂರು ಕೊಡಿ. ಕಳೆದದ್ದಾದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೌಲಭ್ಯದಲ್ಲೂ ದೂರು ಹಾಕಬಹುದು. ಕದ್ದದ್ದಾದರೆ ಠಾಣೆಗೇ ಹೋಗಬೇಕು.
5. ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಮೊದಲ 24 ಗಂಟೆ ಅದರಲ್ಲಿ ಎಸ್‌ಎಂಎಸ್ ಬರುವುದಿಲ್ಲ. ಸಿಮ್ ಕೆಟ್ಟಿದೆ ಅಂತ ಜಗಳಕ್ಕೆ ಹೋಗಬೇಡಿ, ಕಳ್ಳರನ್ನು ತಡೆಯಲು ಮಾಡಿದ ನಿಯಮ ಅದು.
6. ಸಂಚಾರ್ ಸಾಥಿ ಜಾಲತಾಣದಲ್ಲಿ ಸಿಇಐಆರ್ ಅನ್ನುವ ಭಾಗಕ್ಕೆ ಹೋಗಿ. ಹಂತ 1ರಲ್ಲಿ ಬರೆದಿಟ್ಟ ಐಎಂಇಐ ಇಲ್ಲಿ ಬೇಕು. ದೂರಿನ ಪ್ರತಿ ಹಾಕಿ ಫೋನನ್ನೇ ಬ್ಲಾಕ್ ಮಾಡಿ. ಆಮೇಲೆ ದೇಶದ ಯಾವ ನೆಟ್‌ವರ್ಕ್‌ನಲ್ಲೂ ಅದು ನಡೆಯುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಸುಳಿವು ಸಿಗುತ್ತದೆ. ಈ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶಕ್ಕೆಲ್ಲ ಇದೆ.

ಫೋನ್ ವಾಪಸ್ ಸಿಕ್ಕರೆ ಅಲ್ಲೇ ಅನ್‌ಬ್ಲಾಕ್ ಮಾಡಬೇಕು. ಇದನ್ನು ಮರೆತು "ಪೊಲೀಸ್ರು ಕೊಟ್ಟ ಫೋನ್ ನಡೀವಲ್ದು" ಅಂತ ನನ್ನ ಹತ್ತಿರ ರಿಪೇರಿಗೆ ತರುತ್ತಾರೆ.

ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ದುಡ್ಡು ಕೊಡುವ ಮೊದಲು ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಐಎಂಇಐ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿ. ಕಪ್ಪುಪಟ್ಟಿಯಲ್ಲಿದೆ ಅಂತ ಬಂದರೆ ಎಷ್ಟೇ ಅಗ್ಗ ಇದ್ದರೂ ಬೇಡ. ಅದೇ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ಕಾಣುತ್ತದೆ. ನಿಮ್ಮದಲ್ಲದ ನಂಬರ್ ಇದ್ದರೆ 'ನನ್ನದಲ್ಲ' ಅಂತ ಒತ್ತಿ.

ಹಂತ 7: ಬಿಸಿಲು, ಮಳೆ, ರಸ್ತೆ

ಇದು ನನ್ನ ಹೊಟ್ಟೆಪಾಡಿನ ವಿಷಯ. ಆದರೂ ಹೇಳಿಬಿಡುತ್ತೇನೆ.

ಬಹುಪಾಲು ಫೋನ್ ಕಂಪನಿಗಳು 35 ಡಿಗ್ರಿವರೆಗಿನ ಬಿಸಿಯಲ್ಲಿ ಬಳಸಿ ಅನ್ನುತ್ತವೆ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುತ್ತದೆ. ಟ್ರ್ಯಾಕ್ಟರ್ ಮಡ್‌ಗಾರ್ಡ್ ಮೇಲೆ, ಬೈಕಿನ ಟ್ಯಾಂಕ್ ಮೇಲೆ, ಕಾರಿನ ಗಾಜಿನ ಹಿಂದೆ ಫೋನ್ ಇಟ್ಟರೆ ಬ್ಯಾಟರಿ ಉಬ್ಬುತ್ತದೆ. ಹಿಂಬದಿಯ ಮುಚ್ಚಳ ಎದ್ದು ನಿಂತಿದ್ದರೆ ಒತ್ತಿ ಕೂರಿಸಬೇಡಿ, ಚಾರ್ಜ್‌ಗೆ ಹಾಕಬೇಡಿ. ಬಂದ್ ಮಾಡಿ ಅಂಗಡಿಗೆ ತನ್ನಿ. ರಾತ್ರಿ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದೂ ಬೇಡ.

ನೀರಿಗೆ ಬಿದ್ದರೆ ಕೂಡಲೇ ಸ್ವಿಚ್ ಆಫ್ ಮಾಡಿ, ಸಿಮ್ ತೆಗೆದು, ಬಟ್ಟೆಯಲ್ಲಿ ಒರೆಸಿ ಗಾಳಿಗೆ ಇಡಿ. ಆನ್ ಆಗುತ್ತಾ ಅಂತ ನೋಡಲು ಚಾರ್ಜ್ ಹಾಕುವುದೇ ಬಹಳ ಫೋನ್‌ಗಳನ್ನು ಕೊಂದಿದೆ. ಅಕ್ಕಿ ಡಬ್ಬಿಯಲ್ಲಿ ಹೂಳುವುದೂ ಬೇಡ. ಅಕ್ಕಿಯ ಹಿಟ್ಟು ಚಾರ್ಜಿಂಗ್ ಪಿನ್ನಿನೊಳಗೆ ಅಂಟಿಕೊಂಡಿದ್ದನ್ನು ಸೂಜಿಯಿಂದ ಕೆರೆದು ತೆಗೆದ ಅನುಭವ ನನಗಿದೆ.

ಗುಡುಗು ಮಳೆಯಲ್ಲಿ ಫೋನ್ ಸಿಡಿಲನ್ನು ಕರೆಯುತ್ತದೆ ಅನ್ನುವುದು ಸುಳ್ಳು. ಆದರೆ ಚಾರ್ಜರ್ ವೈರಿಗೆ ಸಿಕ್ಕಿಸಿಕೊಂಡು ಮಾತಾಡುವುದು ಅಪಾಯ. ಹೊಲದಲ್ಲಿದ್ದರೆ ಫೋನಿನ ಚಿಂತೆ ಬಿಟ್ಟು ಗಿಡದ ಕೆಳಗಿಂದ ಮೊದಲು ದೂರ ಸರಿಯಿರಿ.

ಗಾಡಿ ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದು 2019ರ ತಿದ್ದುಪಡಿಯ ನಂತರ ಅಪಾಯಕಾರಿ ಚಾಲನೆ ಅಂತ ಕಾನೂನಿನಲ್ಲೇ ಇದೆ. ಹೆಲ್ಮೆಟ್ಟಿನೊಳಗೆ ಫೋನ್ ತುರುಕಿಕೊಂಡು, ಕುತ್ತಿಗೆ ಓರೆ ಮಾಡಿ ಹೋಗುವವರು ಇದರಿಂದ ತಪ್ಪಿಸಿಕೊಂಡೆವು ಅಂದುಕೊಳ್ಳುತ್ತಾರೆ. ಎದುರಿಗೆ ಕಬ್ಬಿನ ಎರಡು ಟ್ರೇಲರ್ ಎಳೆದುಕೊಂಡು ಬರುವ ಟ್ರ್ಯಾಕ್ಟರಿಗೆ ಆ ಸಬೂಬು ಗೊತ್ತಾಗುವುದಿಲ್ಲ. ಗಾಡಿ ಬದಿಗೆ ಹಾಕಿ ಮಾತಾಡಿ. ಅಪಘಾತ ಕಂಡರೆ 112ಕ್ಕೆ ಫೋನ್ ಮಾಡಿ, ವಿಡಿಯೋ ಮಾಡುವುದು ಬಿಡಿ.

ಹಂತ 8: ಈಗ ಉಳಿದವರ ಕಿವಿ

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಹೋಗಿರುತ್ತೀರಿ. ಈ ಕಡೆ ಗೋಡೆಗೆ ಬಾಯಿಟ್ಟು ಮೆಲ್ಲಗೆ ಹೇಳಿದ್ದು ಆ ಕಡೆ ನಿಂತವರಿಗೆ ಕೇಳುತ್ತದೆ. ಒಂದು ಚಪ್ಪಾಳೆ ಏಳು ಸಲ ಮರುದನಿ ಕೊಡುತ್ತದೆ ಅನ್ನುತ್ತಾರೆ. ಒಂದು ಸಲ ಅಲ್ಲಿ ಒಬ್ಬ ಸ್ಪೀಕರ್ ಹಾಕಿಕೊಂಡು ಮಾವನ ಜೊತೆ ಹೊಲದ ಪಾಲಿನ ಜಗಳ ಮಾಡುತ್ತಿದ್ದ. ಗುಮ್ಮಟಕ್ಕೆಲ್ಲ ಆ ಹೊಲದ ಸರ್ವೆ ನಂಬರ್ ಗೊತ್ತಾಯಿತು. ಬಸ್ಸಿನಲ್ಲಿ ಏಳು ಸಲ ಮರುದನಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಸ್ಸು, ರೈಲು: ಹಾಡು, ರೀಲ್ಸ್ ಬೇಕಾದರೆ ಇಯರ್‌ಫೋನ್. 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಸೂಚನೆಯ ನಂತರ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲಿನಿಂದ ಜೋರು ಸದ್ದು ಮಾಡುವುದನ್ನು ನಿಷೇಧಿಸಿತು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಓಡುವುದು ಬೇರೆ ನಿಗಮಗಳ ಬಸ್ಸು. ಆದರೆ ಕಿವಿ ಎಲ್ಲರದೂ ಒಂದೇ ತರಹದ್ದು. ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೋಗುವವರಿಗೆ: 10 ಗಂಟೆಯ ನಂತರ ಜೋರು ಹಾಡು, ಜೋರು ಮಾತು ರೈಲ್ವೆಯವರೇ ಬೇಡ ಅಂದಿದ್ದಾರೆ. ಪಕ್ಕದವರು ಬಾರಿಸುತ್ತಿದ್ದರೆ ಜಗಳಕ್ಕೆ ಹೋಗದೆ "ಅಣ್ಣಾ, ಸ್ವಲ್ಪ ಸೌಂಡ್ ಕಮ್ಮಿ ಮಾಡ್ರಿ, ತಲಿ ನೋಯಾಕತ್ತೈತಿ" ಅಂದರೆ ಬಹುತೇಕರು ಮಾಡುತ್ತಾರೆ. ಮಾಡದಿದ್ದರೆ ಕಂಡಕ್ಟರ್‌ಗೆ ಹೇಳಿ.

ಫೋನ್ ಮಾಡುವಾಗ: ನಮ್ಮ ಕಡೆ ಒಂದು ವಿಚಿತ್ರ ಇದೆ. ಫೋನ್ ಮಾಡಿದವರೇ "ಯಾರ್ರಿ ಮಾತಾಡೋದು?" ಅಂತ ಗದರಿಸುತ್ತಾರೆ. ಮಾಡಿದವರು ಮೊದಲು ತಮ್ಮ ಹೆಸರು, ಊರು ಹೇಳಬೇಕು. ಗುರುತಿಲ್ಲದವರು ನಿಮ್ಮನ್ನು ಹೀಗೆ ಕೇಳಿದರೆ "ನಿಮಗ ಯಾರ್ ಬೇಕ್ರಿ?" ಅಂತ ತಿರುಗಿ ಕೇಳಿ, ನಿಮ್ಮ ಹೆಸರು ಹೇಳಬೇಡಿ. "ಈಗ ಮಾತಾಡಬಹುದಾ?" ಅಂತ ಒಂದು ಮಾತು ಕೇಳುವುದು ಚೆಂದ. ಮಧ್ಯಾಹ್ನದ ಊಟದ ಹೊತ್ತು, ರಾತ್ರಿ 9ರ ನಂತರ ತುರ್ತಿಲ್ಲದೆ ಬೇಡ. ಎರಡು ಸಲ ಮಾಡಿ ಎತ್ತದಿದ್ದರೆ ಮೆಸೇಜ್ ಹಾಕಿ ಬಿಡಿ. ಹನ್ನೊಂದು ಮಿಸ್‌ಕಾಲ್ ನೋಡಿದವರು ಯಾರೋ ಹೋಗಿಬಿಟ್ಟರು ಅಂತಲೇ ತಿಳಿಯುತ್ತಾರೆ.

ಸ್ಪೀಕರಿಗೆ ಹಾಕುವ ಮೊದಲು "ಇಲ್ಲಿ ಮನೆಯವರೆಲ್ಲ ಅದಾರ" ಅಂತ ಆ ಕಡೆಯವರಿಗೆ ಹೇಳಿ. ಹೇಳದೆ ಹಾಕಿ ಮುರಿದ ನೆಂಟಸ್ತಿಕೆಗಳನ್ನು ಎಣಿಸಿದರೆ ಬೇರೆಯದೇ ಲೇಖನ ಆಗುತ್ತದೆ. ವಿಡಿಯೋ ಕಾಲ್ ಮಾಡುವಾಗ ಹಿಂದೆ ಯಾರಿದ್ದಾರೆ ನೋಡಿಕೊಳ್ಳಿ. ಅವರಿಗೂ ಕ್ಯಾಮೆರಾ ಇದೆ ಅಂತ ಗೊತ್ತಿರಲಿ.

ಫೋಟೋ: ಬೇರೆಯವರ ಮಕ್ಕಳು, ಹೆಣ್ಣುಮಕ್ಕಳು ಇರುವ ಫೋಟೋವನ್ನು ಕೇಳದೆ ಸ್ಟೇಟಸ್‌ಗೆ ಹಾಕಬೇಡಿ. ಸಾವಿನ ಮನೆಯಲ್ಲಿ ಕ್ಯಾಮೆರಾ ತೆಗೆಯಲೇ ಬೇಡಿ. ದವಾಖಾನೆಯಲ್ಲಿ ಪಕ್ಕದ ಕಾಟಿನ ಪೇಶೆಂಟ್ ನಿಮ್ಮ ಫೋಟೋದಲ್ಲಿ ಬಂದಿದ್ದರೆ ಅಳಿಸಿ. ಯಾರಾದರೂ ಒಂದು ಫೋಟೋ ತೋರಿಸಲು ಫೋನ್ ಕೈಗೆ ಕೊಟ್ಟರೆ ಆ ಒಂದನ್ನು ನೋಡಿ ವಾಪಸ್ ಕೊಡಿ. ಬೆರಳು ಆ ಕಡೆ ಈ ಕಡೆ ಸರಿಸಬೇಡಿ.

ವಾಟ್ಸಾಪ್ ಗುಂಪು: ಊರಿನ ಗುಂಪಿನಲ್ಲಿ ಬಂದ "ಮಕ್ಕಳ ಕಳ್ಳರು ಬಂದಿದ್ದಾರೆ" ತರಹದ ಸುದ್ದಿಯನ್ನು ಮುಂದೆ ತಳ್ಳಬೇಡಿ. 2018ರಲ್ಲಿ ಇಂಥ ಮೆಸೇಜ್ ನಂಬಿ ದೇಶದ ಹಲವು ಕಡೆ ಅಮಾಯಕರನ್ನು ಹೊಡೆದು ಕೊಂದರು. ವಾಟ್ಸಾಪ್ ಒಂದು ಸಲಕ್ಕೆ ಐದು ಕಡೆಗಷ್ಟೇ ಫಾರ್ವರ್ಡ್ ಅಂತ ಮಿತಿ ಹಾಕಿದ್ದು ಆಮೇಲೆಯೇ.

ಊಟಕ್ಕೆ ಕೂತಾಗ ಫೋನ್ ಎಲ್ಲಿಡಬೇಕು ಅನ್ನುವುದನ್ನು ನಾನು ಹೇಳಲು ಹೋಗುವುದಿಲ್ಲ. ನಮ್ಮ ಅವ್ವ ರೊಟ್ಟಿ ಬುಟ್ಟಿಯ ಮುಚ್ಚಳದ ಮೇಲೆ ಎಲ್ಲರ ಫೋನ್ ಇಡಿಸುತ್ತಾಳೆ. ಫೋನ್ ಬೇಕಾದವರು ಎಲ್ಲರದನ್ನೂ ಎತ್ತಿಯೇ ತೆಗೆದುಕೊಳ್ಳಬೇಕು. ಯಾರೂ ತೆಗೆದುಕೊಳ್ಳುವುದಿಲ್ಲ.

ಹಂತ 9: ಹಿರಿಯರ ಫೋನು

ಇದಿಷ್ಟನ್ನೂ ಮುತ್ಯಾನಿಗೆ ಓದಿ ಹೇಳಿದರೆ ನಾಳೆ ಮರೆಯುತ್ತಾರೆ. ಅವರ ಫೋನಿನಲ್ಲಿ ಮೂರು ಕೆಲಸ ಮಾಡಿಕೊಡಿ. ಮನೆಯವರ ನಂಬರುಗಳನ್ನು ಫೋಟೋ ಸಮೇತ ಮೊದಲ ಪರದೆಯಲ್ಲಿಡಿ. ಯುಪಿಐಗೆ ಉಳಿತಾಯದ ದೊಡ್ಡ ಅಕೌಂಟ್ ಜೋಡಿಸಬೇಡಿ, ಎರಡು ಮೂರು ಸಾವಿರ ಇರುವ ಬೇರೆ ಅಕೌಂಟ್ ಜೋಡಿಸಿ. ಗುರುತಿಲ್ಲದ ನಂಬರುಗಳು ರಿಂಗ್ ಆಗದಂತೆ ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಸೈಲೆಂಟ್ ಮಾಡಿ.

ಕೊನೆಗೆ ಫೋನಿನ ಕವರ್ ತೆಗೆದು, ಒಳಗೆ ಒಂದು ಬಿಳಿ ಚೀಟಿ ಅಂಟಿಸಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಮನೆಯ ನಂಬರ್, 1930, ಕೆಳಗೆ "ಕಟ್ ಮಾಡಿದ್ರ ಯಾರೂ ಏನೂ ಅನ್ನೂದಿಲ್ಲ" ಅಂತ ಬರೆಯಿರಿ. ಪಾರದರ್ಶಕ ಕವರ್ ಆದರೆ ಹೊರಗಿನಿಂದಲೇ ಕಾಣುತ್ತದೆ. ಆ ಮುದ್ದೇಬಿಹಾಳದ ಕಾಕಾನ ಫೋನಿಗೆ ನಾನು ಅವತ್ತೇ ಅಂಟಿಸಿಕೊಟ್ಟೆ. ಮೊನ್ನೆ ಗ್ಲಾಸ್ ಬದಲಿಸಲು ಬಂದಿದ್ದರು. ಚೀಟಿ ಹಳದಿಯಾಗಿದೆ, ಆದರೆ ಇನ್ನೂ ಇದೆ. ನನ್ನ ಕೌಂಟರ್ ಮುಂದೆ ನಿಂತಿದ್ದಾಗಲೇ ಒಂದು ಫೋನ್ ಬಂತು. ನಂಬರ್ ನೋಡಿದರು, ಕಟ್ ಮಾಡಿದರು, "ಗ್ಲಾಸಿಗೆ ಎಷ್ಟಪಾ?" ಅಂದರು.